ನನ್ನ ಮಗಳು ಬೆಂಚು ಕಾಯ್ದ ಬೇಸಿಗೆ

ಬೇರೆಯವರ ಮನೆಯಲ್ಲಿ ಬೇಸಿಗೆ ರಜೆ ಎಂದರೆ ಹಪ್ಪಳ, ಸಂಡಿಗೆ, ಅಜ್ಜಿ ಮನೆ. ನಮ್ಮ ಮನೆಯಲ್ಲಿ ಈ ಸಲ ಬರೀ ಜಗಳ. ನಾನಾಗಿ ಹುಡುಕಿಕೊಂಡು ಹೋಗಿದ್ದಲ್ಲ. ಸಂಜೆ ಮಗಳ ಕೈ ಹಿಡಿದು ಹೊಸಿಲು ದಾಟಿದರೆ ಸಾಕು, ನನಗೆ ಸಿಟ್ಟು ಬರಿಸುವಂಥ ಒಂದು ಕೆಲಸವನ್ನು ಯಾರಾದರೂ ಮಾಡಿಟ್ಟುಕೊಂಡು ಕಾಯುತ್ತಲೇ ಇರುತ್ತಿದ್ದರು. ಮನೆಗೆ ಬಂದು ಹೇಳಿದರೆ ಗಂಡ ಬಿದ್ದು ಬಿದ್ದು ನಗುತ್ತಿದ್ದ. ನನಗೆ ಇವತ್ತಿಗೂ ಪೂರ್ತಿ ನಗು ಬಂದಿಲ್ಲ.

ಆಗಿದ್ದಿಷ್ಟು. ದಾವಣಗೆರೆಯಲ್ಲಿ ಮಕ್ಕಳ ಬೇಸಿಗೆ ಹಾಕಿ ಲೀಗ್ ಶುರುವಾಯಿತು. ಕಾಲಿಗೆ ಗಾಲಿಯ ಸ್ಕೇಟ್ಸ್ ಕಟ್ಟಿಕೊಂಡು, ಕೋಲು ಹಿಡಿದು ಚೆಂಡು ಹೊಡೆಯುವ ಆಟ. ಒಂದು ಕಡೆಗೆ ನಾಲ್ಕೇ ಮಕ್ಕಳು. ಉಳಿದವರು ಬೆಂಚಿನ ಮೇಲೆ ಕೂತಿದ್ದು ಸರದಿಯಂತೆ ಇಳಿಯಬೇಕು. ಗೆದ್ದವರಿಗೆ ಕಪ್ ಇಲ್ಲ, ಗೋಲು ಎಣಿಸುವುದಿಲ್ಲ, ಬಂದ ಮಕ್ಕಳಿಗೆಲ್ಲ ಸಮಪಾಲು ಆಟ ಎಂದು ಕೋಚ್ ಮೈಕಿನಲ್ಲಿ ಹೇಳಿದರು. ನನ್ನನ್ನು ಹತ್ತನೇ ಕ್ಲಾಸು ಮುಗಿದ ಕೂಡಲೇ ಮನೆಯಲ್ಲಿ ಕೂರಿಸಿದರು. ನನ್ನ ಮಗಳನ್ನು ಯಾರೂ ಎಲ್ಲಿಯೂ ಕೂರಿಸಬಾರದು ಎಂಬುದು ನನ್ನ ಹಟ. ಹಾಗಾಗಿ ಸಮಪಾಲು ಎಂಬ ಮಾತನ್ನು ನಂಬಿ, ಅತ್ತೆಯ ಹತ್ತಿರ ಒಂದು ವಾರ ವಾದ ಮಾಡಿ, ಒಂಬತ್ತು ವರ್ಷದ ಮಗಳನ್ನು ಸೇರಿಸಿದೆ.

ಸೇರಿಸಿದ ಮೇಲೆ ಆಕೆ ಆಡಬೇಕಲ್ಲ, ಅದೇ ದೊಡ್ಡ ಕಥೆ.

೧. ಫೋಟೋದ ಐಸು

ಲೀಗಿನವರು ಶಾಮನೂರು ರಸ್ತೆಯಲ್ಲಿ ಒಂದು ಬ್ಯಾನರ್ ಕಟ್ಟಿದ್ದರು. ಅದರಲ್ಲಿ ಯಾವುದೋ ದೇಶದ ಕೆಂಪು ಕೆನ್ನೆಯ ಮಕ್ಕಳು ಐಸಿನ ಮೇಲೆ ಹಾಕಿ ಆಡುತ್ತಿದ್ದರು. ನಮ್ಮ ಅತ್ತೆ ಸಂತೆಗೆ ಹೋಗುವಾಗ ಅದನ್ನು ನೋಡಿಬಿಟ್ಟರು. ಮೊದಲ ದಿನ ನಾನು ಮಗಳ ಜಡೆ ಹಾಕಿ ಮುಗಿಸುವಷ್ಟರಲ್ಲಿ ಸ್ವೆಟರ್, ಕುಲಾವಿ, ಉಲ್ಲನ್ ಸಾಕ್ಸ್ ಎಲ್ಲ ತಂದು ಇಟ್ಟರು. ಎದೆಗೆ ನೀಲಗಿರಿ ಎಣ್ಣೆ ಬೇರೆ ತಿಕ್ಕಿದರು. ಏಪ್ರಿಲ್ ತಿಂಗಳು, ದಾವಣಗೆರೆ ಬಿಸಿಲು. ಬೇಡ ಅಂದರೆ ಆಟವೇ ಬೇಡ ಅಂದಾರು ಎಂದು ಬಾಯಿ ಮುಚ್ಚಿಕೊಂಡು ಕರೆದುಕೊಂಡು ಹೋದೆ.

ಅಲ್ಲಿ ಹೋಗಿ ನೋಡಿದರೆ ಅರ್ಧ ಮಕ್ಕಳು ಸ್ವೆಟರಿನಲ್ಲಿದ್ದರು. ಆವರಗೆರೆಯಿಂದ ಬಂದ ಒಬ್ಬ ಅಪ್ಪ ಮಗನಿಗೆ ರೇನ್‌ಕೋಟು ಹಾಕಿಸಿದ್ದ. ಐಸು ಕರಗಿದರೆ ಮೈ ಒದ್ದೆಯಾಗಬಾರದಂತೆ. ಎದುರಿಗೆ ಇದ್ದದ್ದು ಸಿಮೆಂಟಿನ ನೆಲ. ಬರಿಗಾಲಿಟ್ಟರೆ ಚುರ್ ಅನ್ನುತ್ತಿತ್ತು. ಐಸು ಎಲ್ಲಿ ಎಂದು ಕೋಚನ್ನು ಕೇಳಿದೆ.

"ಅದು ಫೋಟೋ ಮೇಡಂ," ಎಂದರು. "ನೋಡೋಕೆ ತಂಪಾಗಿರ್ಲಿ ಅಂತ ಹಾಕೀವಿ."

ಆ ದಿನ ಸ್ಕೇಟ್ಸ್ ಕಟ್ಟಿಕೊಳ್ಳುವುದನ್ನು ಕಲಿಸುವಷ್ಟರಲ್ಲೇ ಹೊತ್ತು ಮುಳುಗಿತು. ಮಗಳು ತಲೆಯಿಂದ ಕಾಲಿನ ತನಕ ಬೆವರಿನಲ್ಲಿ ತೊಯ್ದು ಮನೆಗೆ ಬಂದಳು. ಅತ್ತೆ ಆಕೆಯ ಬೆನ್ನು ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು.

"ನಾನು ಬಡ್ಕೊಂಡೆ, ಕೇಳಿದ್ಯಾ? ಐಸಿನಾಗೆ ಬಿದ್ದು ಕೂಸು ಹೆಂಗೆ ನೆಂದೈತೆ ನೋಡು. ನಾಳೆಯಿಂದ ಎರಡು ಸ್ವೆಟರ್ ಹಾಕು."

೨. ಗಾಲಿಗೆ ನಿಂಬೆಹಣ್ಣು

ಲೀಗಿಗೆ ಒಬ್ಬ ಅಧ್ಯಕ್ಷರಿದ್ದರು. ಹಾರ್ಡ್‌ವೇರ್ ಅಂಗಡಿ ಇಟ್ಟವರು, ದೇವರ ಮೇಲೆ ಬಹಳ ಭಕ್ತಿ. ಮೊದಲ ಮ್ಯಾಚಿನ ದಿನ ಪೂಜೆ ಇಟ್ಟುಕೊಂಡರು. ಪೂಜೆಗೆ ನನ್ನ ತಕರಾರಿಲ್ಲ. ಕೋಲುಗಳಿಗೆ ಕುಂಕುಮ ಹಚ್ಚಿದರು, ಗೋಲಿನ ಕಂಬಕ್ಕೆ ಹೂವಿನ ಹಾರ ಹಾಕಿದರು, ಕಾಯಿ ಒಡೆದರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಅಧ್ಯಕ್ಷರ ಕಣ್ಣು ಮಕ್ಕಳ ಕಾಲಿನ ಕಡೆ ಹೋಯಿತು. ಅಲ್ಲಿ ಗಾಲಿಗಳಿದ್ದವು.

ನಮ್ಮ ಕಡೆ ಹೊಸ ಗಾಡಿ ತಂದರೆ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಅದರ ಮೇಲೆ ಹತ್ತಿಸಿಯೇ ಮುಂದೆ ಹೋಗುವುದು. ಟ್ರ್ಯಾಕ್ಟರಿಗೂ ಇದೇ, ಸ್ಕೂಟರಿಗೂ ಇದೇ. ಸ್ಕೇಟ್ಸಿಗೆ ಯಾಕೆ ಬೇಡ? ಯಾರನ್ನೋ ಓಡಿಸಿ ಒಂದು ಚೀಲ ನಿಂಬೆಹಣ್ಣು ತರಿಸಿದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಪ್ರತಿಯೊಬ್ಬರ ಎರಡೂ ಕಾಲಿನ ಮುಂದೆ ಒಂದೊಂದು ಹಣ್ಣು ಇಟ್ಟರು. ಸರ್, ಮಕ್ಕಳಿಗೆ ಇನ್ನೂ ನೆಟ್ಟಗೆ ನಿಲ್ಲಲು ಬರುವುದಿಲ್ಲ ಎಂದು ನಾನು ಹೇಳಿದೆ. ಶುಭ ಕಾರ್ಯದಲ್ಲಿ ಅಡ್ಡ ಮಾತು ಬ್ಯಾಡಮ್ಮ ಎಂದರು. ಕೋಚ್ ಸೀಟಿ ಊದಿದರು.

ಮಕ್ಕಳು ಒಂದೇ ಸಲಕ್ಕೆ ಬಿದ್ದರು. ಗಾಳಿಗೆ ಜೋಳದ ಪೈರು ಮಲಗುವ ಹಾಗೆ. ಕೆಲವು ಹಣ್ಣು ಒಡೆದವು, ಕೆಲವು ಉರುಳಿ ಹೋಗಿ ಎದ್ದವರನ್ನು ಮತ್ತೆ ಬೀಳಿಸಿದವು. ನಿಂಬೆರಸ, ಕುಂಕುಮ, ಕಾಯಿನೀರು ಎಲ್ಲ ಸೇರಿ ನೆಲ ಬಚ್ಚಲಾಯಿತು. ನನ್ನ ಮಗಳು ಸಾಲಿನ ಕೊನೆಯಲ್ಲಿದ್ದಳು. ಆಕೆಯ ತನಕ ನಿಂಬೆಹಣ್ಣು ಸಾಲದೆ ಹೋಗಿ, ಆಕೆ ಒಬ್ಬಳೇ ನೆಟ್ಟಗೆ ನಿಂತಿದ್ದಳು.

ಗೋಣಿಚೀಲದಿಂದ ನೆಲ ಒರೆಸಿ ಒಣಗಿಸಿದ ಮೇಲೆ ಆಟ ಶುರುವಾಯಿತು. ಮೊಣಕಾಲು ತರಚಿಕೊಂಡವರು, ಕಣ್ಣಿಗೆ ನಿಂಬೆರಸ ಸಿಡಿದವರು, ಅಳುವವರು ಎಲ್ಲ ಇಳಿದರು. ನನ್ನ ಮಗಳನ್ನು ಅಧ್ಯಕ್ಷರು ತಡೆದರು.

"ಈ ಹುಡುಗಿ ಗಾಲಿಗೆ ಪೂಜೆ ಆಗಿಲ್ಲ. ಹಂಗೇ ಇಳಿಸಿದ್ರೆ ಬೀಳ್ತಾಳೆ."

೩. ನಿಲ್ಲಲು ಬಾರದ ಹುಡುಗ

ಮುಂದಿನ ಶುಕ್ರವಾರ ನಾನೇ ಮನೆಯಿಂದ ನಿಂಬೆಹಣ್ಣು ಕಟ್ಟಿಕೊಂಡು ಹೋಗಿ ಮಗಳ ಪೂಜೆ ಮುಗಿಸಿದೆ. ಇನ್ನು ಯಾರ ಅಡ್ಡಿಯೂ ಇಲ್ಲ ಅಂದುಕೊಂಡೆ. ಸೀಟಿ ಊದಿದಾಗಲೆಲ್ಲ ಒಳಗಿದ್ದವರು ಹೊರಗೆ ಬರಬೇಕು, ಬೆಂಚಿನವರು ಇಳಿಯಬೇಕು. ನನ್ನ ಮಗಳು ಯಾರ ಬದಲು ಇಳಿಯಬೇಕಿತ್ತೋ ಅವನು ಅಧ್ಯಕ್ಷರ ಮಗ. ಅವನು ಹೊರಗೆ ಬರಲೇ ಇಲ್ಲ.

ಸೀಟಿ ಊದಿದರು, ಅವನು ನಮ್ಮ ಮುಂದೆಯೇ ಹಾದು ಹೋದ. ಇನ್ನೊಮ್ಮೆ ಊದಿದರು, ಕೈ ಬೀಸುತ್ತ ಹಾದು ಹೋದ. ನನ್ನ ಮಗಳು ಎದ್ದು ನಿಲ್ಲುವುದು, ಕೂರುವುದು, ಎದ್ದು ನಿಲ್ಲುವುದು. ನಾನು ಕೋಚಿನ ಹತ್ತಿರ ಹೋಗಿ, ಇದೇನಾ ನಿಮ್ಮ ಸಮಪಾಲು ಎಂದು ಕೇಳಿದೆ. ಕೋಚ್ ದನಿ ತಗ್ಗಿಸಿದರು.

"ಹಂಗಲ್ಲ ಮೇಡಂ. ಅವನಿಗೆ ನಿಲ್ಲೋಕೆ ಬರಂಗಿಲ್ಲ. ಗೋಡೆಗೆ ಬಡಿದ್ರೆ ಮಾತ್ರ ನಿಲ್ತಾನೆ. ಗೋಡೆ ಆ ಕಡೆ ಐತೆ, ಬೆಂಚು ಈ ಕಡೆ ಐತೆ."

ಅವನ ತಾಯಿ ನನ್ನ ಪಕ್ಕದಲ್ಲೇ ಕೂತಿದ್ದರು. ಮಗ ಪ್ರತಿ ಸುತ್ತು ಬಂದಾಗಲೂ ಚಪ್ಪಾಳೆ ಹೊಡೆಯುತ್ತಿದ್ದರು. ನನ್ನ ಮುಖ ನೋಡಿ, ಸಮಾಧಾನ ಮಾಡುವವರ ಹಾಗೆ, ನಮ್ಮ ಹುಡುಗನಿಗೆ ಮೊದಲಿಂದಲೂ ಎನರ್ಜಿ ಜಾಸ್ತಿ, ಏನು ಮಾಡೋದು ಎಂದರು.

"ಎನರ್ಜಿ ಅಲ್ಲಕ್ಕಾ," ಎಂದೆ. "ಮಳೆ ನೀರು ಹೋಗ್ಲಿ ಅಂತ ನೆಲ ಇಳಿಜಾರು ಹಾಕ್ಯಾರೆ."

೪. ಹರಿಹರದ ಹೋಳಿಗೆ

ಹರಿಹರದಲ್ಲಿ ಒಂದು ಮ್ಯಾಚು. ಈ ಸಲ ಎರಡನೇ ಅರ್ಧದಲ್ಲಿ ನಿಮ್ಮ ಮಗಳನ್ನು ಇಳಿಸಿಯೇ ಇಳಿಸುತ್ತೇನೆ ಎಂದು ಕೋಚ್ ಟೆಂಪೋದಲ್ಲಿ ಎಲ್ಲರೆದುರು ಮಾತು ಕೊಟ್ಟರು. ಮಗಳು ದಾರಿಯುದ್ದಕ್ಕೂ ಹೆಲ್ಮೆಟ್ ತೆಗೆಯಲಿಲ್ಲ.

ಹರಿಹರದ ತಾಯಂದಿರು ಒಳ್ಳೆಯವರು. ಒಳ್ಳೆಯತನದಿಂದಲೇ ನಮ್ಮನ್ನು ಹಾಳು ಮಾಡಿದರು. ಟೆಂಪೋ ಇಳಿದ ಕೂಡಲೇ ಎಲೆ ಹಾಕಿಬಿಟ್ಟರು. ಕಡ್ಲೆಬೇಳೆ ಹೋಳಿಗೆ, ಮೇಲೆ ತುಪ್ಪ, ಕಟ್ಟಿನ ಸಾರು, ಚಿತ್ರಾನ್ನ, ಬದನೆಕಾಯಿ ಪಲ್ಯ. ಆಟ ಆದ ಮೇಲೆ ಉಣ್ಣುತ್ತೇವೆ ಎಂದು ನಾವು ಹೇಳಿ ನೋಡಿದೆವು. ಮನೆಗೆ ಬಂದವರನ್ನು ಉಪವಾಸ ಕೆಡವಿ ಆಡಿಸೋ ಜನ ಅಲ್ಲ ನಾವು ಎಂದರು. ನಾನು ಮಗಳಿಗೆ, ಒಂದೇ ಹೋಳಿಗೆ ಸಾಕು, ಓಡಬೇಕು ನೀನು ಎಂದು ಪಿಸುಗುಟ್ಟಿದೆ. ಬಡಿಸುತ್ತಿದ್ದ ಹೆಂಗಸು ಕೇಳಿಸಿಕೊಂಡು, ಇಂಥ ತಾಯೀನ ನಾನು ಎಲ್ಲೂ ನೋಡಿಲ್ಲ ಎನ್ನುತ್ತ ಮಗಳ ಪಕ್ಕ ಕೂತು ತಾನೇ ತಿನ್ನಿಸಿದಳು.

ಅವರ ಮಕ್ಕಳು ಮಾತ್ರ ಉಂಡಿರಲಿಲ್ಲ. ಬಂದವರು ಉಂಡ ಮೇಲೆ ಮನೆಯವರು ಉಣ್ಣುವುದು ಪದ್ಧತಿ. ಹೀಗೆ ನಮ್ಮ ಕಡೆ ಹೊಟ್ಟೆ ಬಿರಿದ ನಾಲ್ಕು ಮಕ್ಕಳು, ಅವರ ಕಡೆ ಹಸಿದ ನಾಲ್ಕು ಮಕ್ಕಳು. ಹಸಿದವರು ಚಿರತೆಯ ಹಾಗೆ ಓಡಿದರು. ನಮ್ಮವರಿಗೆ ಬಗ್ಗಿದರೆ ಹೋಳಿಗೆ ಗಂಟಲಿಗೆ ಬರುತ್ತಿತ್ತು. ನಮ್ಮ ಗೋಲ್‌ಕೀಪರ್ ಕಂಬಕ್ಕೆ ಒರಗಿದವನು ಹಾಗೇ ನಿದ್ದೆ ಹೋದ. ಚೆಂಡು ಪಕ್ಕದಲ್ಲೇ ಹಾದು ಹೋದರೂ ಎಚ್ಚರವಾಗಲಿಲ್ಲ. ಈ ಲೀಗಿನಲ್ಲಿ ಗೋಲು ಎಣಿಸುವುದಿಲ್ಲ ಎಂಬ ನಿಯಮ ಕೋಚಿಗೆ ಅವತ್ತು ಮಾತ್ರ ಚೆನ್ನಾಗಿ ನೆನಪಿತ್ತು. ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಎರಡನೇ ಅರ್ಧ ಬಂತು. ಕೋಚ್ ಮಾತು ಉಳಿಸಿಕೊಂಡರು. ಮಗಳು ಇಳಿದಳು. ಕೋಲು ಊರಿ, ಸೊಂಟ ಬಗ್ಗಿಸಿ ತಯಾರಾಗಿ ನಿಂತಳು. ಅಷ್ಟರಲ್ಲಿ ಹರಿಹರದ ತಾಯಂದಿರು ಒಳಗಿಂದ ಕೂಗಿದರು. ಬಂದವರದು ಉಂಡಾತು, ಎಲೆ ಹಾಕೀವಿ, ಬರ್ರಿ ಮಕ್ಕಳಾ. ಅವರ ನಾಲ್ವರೂ ಕೋಲು ಬಿಸಾಕಿ ಓಡಿದರು. ನಮ್ಮ ಉಳಿದ ಮೂವರು ಅಲ್ಲೇ ನೆರಳು ನೋಡಿ ಮಲಗಿದರು. ಅಷ್ಟು ದೊಡ್ಡ ಅಂಗಳದಲ್ಲಿ ನನ್ನ ಮಗಳು ಒಬ್ಬಳೇ, ಎದುರಿಗೆ ಯಾರೂ ಇಲ್ಲ, ಚೆಂಡನ್ನು ಸಹ ಯಾರೋ ಒಯ್ದಿದ್ದರು.

ಕೋಚ್ ನನ್ನ ಹತ್ತಿರ ಬಂದು ಹೆಮ್ಮೆಯಿಂದ ಹೇಳಿದರು. "ನೋಡ್ರಿ ಮೇಡಂ, ಇಳಿಸಿದ್ನಲ್ಲ."

೫. ಮನವಿ ಕೊಡ್ರಿ

ಲೀಗಿನ ಕೊನೆಯ ದಿನ. ದಾವಣಗೆರೆಯಲ್ಲಿ ಹರಿಹರದವರ ಜೊತೆ ಆಟ. ಇದು ಬಿಟ್ಟರೆ ಇನ್ನಿಲ್ಲ. ಮಗಳು ಮಧ್ಯಾಹ್ನ ಊಟಕ್ಕೂ ಸ್ಕೇಟ್ಸ್ ಕಟ್ಟಿಕೊಂಡೇ ಕೂತಿದ್ದಳು. ಅತ್ತೆಗೆ ಅದನ್ನು ನೋಡಿ ಏನಾಯಿತೋ, ಹೋಗುವಾಗ ಬೈಯಲಿಲ್ಲ, ದೃಷ್ಟಿ ತೆಗೆದರು.

ಮುಖ್ಯ ಅತಿಥಿಯಾಗಿ ನಮ್ಮ ಕಡೆಯ ಹಳೇ ಮುಖಂಡರೊಬ್ಬರು ಬರುವವರಿದ್ದರು. ಹಾಗಾಗಿ ಇವತ್ತು ಚೆನ್ನಾಗಿ ಆಡುವವರೇ ಆಡಲಿ ಎಂದು ಅಧ್ಯಕ್ಷರು ತೀರ್ಮಾನ ಮಾಡಿದ್ದರು. ನನ್ನ ಮಗಳ ಕೈಗೆ ಆರತಿ ತಟ್ಟೆ ಕೊಟ್ಟು, ಸ್ಕೇಟ್ಸ್ ಬಿಚ್ಚಿ ಬಾಗಿಲಲ್ಲಿ ನಿಲ್ಲು, ಸಾಹೇಬರು ಬಂದಾಗ ಕುಂಕುಮ ಹಚ್ಚು ಎಂದರು. ಬೆಂಚಿನ ಮೇಲಿದ್ದ ಇನ್ನಿಬ್ಬರು ಹುಡುಗಿಯರಿಗೂ ಒಂದೊಂದು ಹೂಗುಚ್ಛ ಕೊಟ್ಟರು. ಮಗಳು ತಟ್ಟೆ ಹಿಡಿದು ನನ್ನ ಹತ್ತಿರ ಬಂದಳು. ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಮಾಡಿ ಸುಮ್ಮನಾಗುತ್ತಿದ್ದೆನೇನೋ.

"ಅಮ್ಮ, ಸ್ಕೇಟ್ಸ್ ಬಿಚ್ಲಾ?" ಎಂದು ಕೇಳಿದಳು, ಅಷ್ಟೇ.

ಬಿಚ್ಚಬೇಡ ಎಂದೆ. ತಟ್ಟೆಯನ್ನು ಇಸಿದುಕೊಂಡು ಅಧ್ಯಕ್ಷರ ಕುರ್ಚಿಯ ಮೇಲೆ ಇಟ್ಟೆ. ಅಷ್ಟೊತ್ತಿಗೆ ಆಟ ಶುರುವಾಗಿತ್ತು. ನೇರವಾಗಿ ಹೋಗಿ ಅಂಗಳದ ನಡುವೆ ಚಕ್ಕಳಮಕ್ಕಳ ಹಾಕಿ ಕೂತೆ. ಆಟ ನಿಂತಿತು. ಆ ಇಬ್ಬರು ಹುಡುಗಿಯರ ತಾಯಂದಿರೂ ಬಂದು ಪಕ್ಕದಲ್ಲಿ ಕೂತರು. ಕುಕ್ಕುವಾಡದಿಂದ ಮೊಮ್ಮಗನ ಆಟ ನೋಡಲು ಬಂದಿದ್ದ ಒಬ್ಬ ಅಜ್ಜಿ ಪ್ರಸಾದ ಹಂಚುತ್ತಾರೆ ಅಂದುಕೊಂಡು ತಾನೂ ಬಂದು ಕೂತಳು. ಕೋಚ್ ಕೈ ಮುಗಿದರು, ಅಧ್ಯಕ್ಷರು ಗದರಿದರು, ಸಾಹೇಬರು ಬರೋ ಹೊತ್ತು ಮರ್ಯಾದೆ ತೆಗೀಬ್ಯಾಡ್ರಿ ಎಂದರು. ನಾವು ಏಳಲಿಲ್ಲ.

ಅಷ್ಟರಲ್ಲಿ ಕಾರು ಬಂತು. ಮುಖಂಡರು ಇಳಿದರು. ಎದುರಿಗೆ ವೇದಿಕೆ, ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ತಯಾರಿತ್ತು. ಆದರೆ ಅವರ ಕಣ್ಣು ಬಿದ್ದದ್ದು ನೆಲದ ಮೇಲೆ ಕೂತ ಹೆಂಗಸರ ಮೇಲೆ. ಎಷ್ಟು ವರ್ಷದ ಅಭ್ಯಾಸವೋ ಏನೋ, ಕಾಲು ತಾನೇ ಈ ಕಡೆ ತಿರುಗಿತು. ನೇರ ನಮ್ಮ ಹತ್ತಿರ ಬಂದು, ಬಗ್ಗಿ, ಕೈ ಚಾಚಿದರು.

"ಮನವಿ ಕೊಡ್ರಿ."

ನಮ್ಮ ಹತ್ತಿರ ಎಲ್ಲಿಯ ಮನವಿ? ಬಾಯಲ್ಲೇ ಹೇಳ್ತೀವಿ ಎಂದೆ. ನೀರಿಂದಾ, ರಸ್ತೇದಾ ಎಂದು ಕೇಳಿದರು. ಅಜ್ಜಿ ಪಿಂಚಣಿ ಅಂದಳು. ಅಲ್ಲ ಸಾಹೇಬ್ರ, ಹಾಕಿ ಆಟದ್ದು ಎಂದು ನಾನು ಎಲ್ಲ ಹೇಳಿದೆ. ಸಮಪಾಲು ಎಂದು ಸೇರಿಸಿಕೊಂಡದ್ದು, ನಿಂಬೆಹಣ್ಣು, ಹೋಳಿಗೆ, ಈಗ ಆರತಿ ತಟ್ಟೆ, ಎಲ್ಲ. ಅವರು ಕಣ್ಣು ಮುಚ್ಚಿ ತಲೆ ಆಡಿಸುತ್ತ ಕೇಳಿದರು. ಅಷ್ಟರಲ್ಲಿ ಫೋಟೋದವನು ಬಂದ. ಅವರು ನನ್ನ ಕಡೆ ಬೆರಳು ತೋರಿಸುವ ಹಾಗೆ ನಿಂತುಕೊಂಡು ಘೋಷಿಸಿದರು.

"ನಿಮ್ಮ ಬೇಡಿಕೆ ನ್ಯಾಯದ್ದೈತೆ. ಹದಿನೈದು ದಿನದಾಗೆ ಮಾಡಿಸಿಕೊಡ್ತೀನಿ. ಈಗ ಧರಣಿ ಬಿಡ್ರಿ."

"ಸಾಹೇಬ್ರ, ಇನ್ನು ಹದಿನೈದು ನಿಮಿಷಕ್ಕೆ ಲೀಗೇ ಮುಗಿತೈತೆ," ಎಂದೆ.

ಅವರಿಗೆ ಇದು ಹೊಸದು. ಹೇಳಿದ ಗಳಿಗೆಯಲ್ಲೇ ಆಗುವಂಥ ಕೆಲಸವನ್ನು ಯಾರೂ ಅವರ ಹತ್ತಿರ ತಂದಿರಲಿಲ್ಲ ಎಂದು ಕಾಣುತ್ತದೆ. ಅಧ್ಯಕ್ಷರ ಕಡೆ ತಿರುಗಿ, ಇಳಿಸೋಕೆ ಏನು ಕಷ್ಟ ಎಂದು ಕೇಳಿದರು. ಅಧ್ಯಕ್ಷರು ಕೋಚಿಗೆ ಕೈ ಸನ್ನೆ ಮಾಡಿದರು. ಕೋಚ್ ಸೀಟಿ ಊದಿದರು. ನಾವು ಸೀರೆ ಕೊಡವಿಕೊಂಡು ಎದ್ದೆವು. ಮೂವರು ಹುಡುಗಿಯರೂ ಇಳಿದರು.

ನನ್ನ ಮಗಳು ಇಳಿದ ಕೂಡಲೇ ಬಿದ್ದಳು. ಎದ್ದಳು. ಚೆಂಡಿನ ಹಿಂದೆ ಹೋದಳು, ಚೆಂಡು ಬೇರೆ ಕಡೆ ಹೋಯಿತು. ಹರಿಹರದ ಹುಡುಗನೊಬ್ಬನಿಗೆ ಡಿಕ್ಕಿ ಹೊಡೆದು ಇಬ್ಬರೂ ಬಿದ್ದರು, ಇಬ್ಬರೂ ನಕ್ಕರು. ಒಮ್ಮೆ ಚೆಂಡು ಸರಿಯಾಗಿ ಕೋಲಿಗೆ ಸಿಕ್ಕಿತು. ಹೊಡೆದಳು. ಅದು ವೇದಿಕೆಯ ಕೆಳಗೆ ಹೋಗಿ ಸೇರಿತು. ನನಗೆ ಅದೇ ಗೋಲು.

ಮತ್ತೆ ಸೀಟಿ. ಸರದಿ ಮುಗಿಯಿತು, ಮುಂದಿನವರು ಇಳಿಯಬೇಕು. ಉಳಿದವರು ಹೊರಗೆ ಬಂದರು, ನನ್ನ ಮಗಳು ಬರಲಿಲ್ಲ. ಕೋಚ್ ಮತ್ತೊಮ್ಮೆ ಊದಿದರು. ಆಕೆ ಕೇಳಿಸದವಳ ಹಾಗೆ ಇನ್ನೊಂದು ಸುತ್ತು ಹೊರಟಳು. ಕೋಚ್ ಅಂಚಿನುದ್ದಕ್ಕೂ ಓಡಿದರು, ಬಾರಮ್ಮ ಎಂದು ಬೇಡಿಕೊಂಡರು, ಚಾಕಲೇಟ್ ತೋರಿಸಿದರು. ಸಾಹೇಬರು ಶಾಲಿಗೆ ಕಾಯುತ್ತ ಕೂತಿದ್ದರು. ಕೊನೆಗೆ ಕೋಚೂ ಅಧ್ಯಕ್ಷರೂ ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರವೇ ಬಂದರು. ಸನ್ಮಾನಕ್ಕೆ ಹೊತ್ತಾಯಿತು, ನೀವಾದರೂ ಆಕೆಯನ್ನು ಹೊರಗೆ ಕರೀರಿ ಮೇಡಂ ಎಂದರು.

ನಾನು ಬೆಂಚಿನ ಮೇಲೆ ಆರಾಮಾಗಿ ಕಾಲು ಚಾಚಿದೆ.

"ಒಳಗೆ ಕಳ್ಸೋಕೆ ನಾನು ಧರಣಿ ಕೂತಿದ್ದೆ," ಎಂದೆ. "ಹೊರಗೆ ಕರ್ಸೋಕೆ ನೀವು ಕೂಡ್ರಿ."