ಮಲ್ಲಾಜಮ್ಮನ ಕೆರೆಯ ತಳವಿಲ್ಲದ ಹರಿಗೋಲು

ಮೈಸೂರಿನ ಮಲ್ಲಾಜಮ್ಮನ ಕೆರೆಯನ್ನು ಈ ದಡದಿಂದ ಆ ದಡಕ್ಕೆ ಒಂದೇ ಉಸಿರಿನಲ್ಲಿ ಈಜಿದ ಏಕೈಕ ಮನುಷ್ಯ ನಾನು. ಸುಳ್ಳು. ನನಗೆ ಈಜು ಬರುವುದಿಲ್ಲ. ಆ ಕೆರೆಯಲ್ಲಿ ನೀರೂ ಇರಲಿಲ್ಲ. ಇವೆರಡನ್ನು ಬಿಟ್ಟರೆ ಮಿಕ್ಕದ್ದೆಲ್ಲ ಸರ್ಕಾರಿ ದಾಖಲೆಯಷ್ಟೇ ನಿಜ.

ನೀರು ಹೋದದ್ದರಲ್ಲಿ ಕೆರೆಯ ತಪ್ಪೇನೂ ಇಲ್ಲ. ಮೈಸೂರು ರಾಜ್ಯ ದೊಡ್ಡದಾದ ಮರುವರ್ಷ, ಕೆರೆಯ ತೂಬು ಸೋರುತ್ತದೆಂದು ದೂರು ಬಂತು. ತೂಬನ್ನು ರಿಪೇರಿ ಮಾಡಬೇಕಾದರೆ ಮೊದಲು ಕೆರೆ ಖಾಲಿಯಾಗಬೇಕೆಂದು ಇಲಾಖೆ ತೀರ್ಮಾನಿಸಿತು. ಖಾಲಿ ಮಾಡಲಾಯಿತು. ಆಮೇಲೆ ಪರೀಕ್ಷಿಸಿ ನೋಡಿದರೆ ತೂಬಿನಿಂದ ಒಂದು ಹನಿಯೂ ಸೋರುತ್ತಿರಲಿಲ್ಲ. ಆದಕಾರಣ ರಿಪೇರಿ ಸಂಪೂರ್ಣ ಯಶಸ್ವಿಯಾಗಿದೆಯೆಂದು ಷರಾ ಬರೆದು, ಇನ್ನು ಅನವಶ್ಯಕವೆಂದು ಕಂಡುಬಂದ, ಕೆರೆಗೆ ನೀರು ತರುವ ಕಾಲುವೆಯನ್ನು ಮುಚ್ಚಿ, ಸೈಟು ಮಾಡಿ ಹಂಚಲಾಯಿತು. ಸೈಟು ಯಾರಿಗೆ ಸಿಕ್ಕಿತು ಎಂಬುದನ್ನು ಕೇಳಬಾರದು. ಅವರೆಲ್ಲ ಮನೆ ಕಟ್ಟಿಕೊಂಡು ಸುಖವಾಗಿದ್ದಾರೆ.

ತೊಂದರೆಯಾದದ್ದು ದೇವರಾಜುವಿಗೆ. ಹುಣಸೂರು ರಸ್ತೆಯ ಕಡೆಯಿಂದ ಬಂದ ಜನರನ್ನು ಹರಿಗೋಲಿನಲ್ಲಿ ಕೂರಿಸಿ ಮಾರ್ಕೆಟ್ಟಿನ ಕಡೆಯ ದಡಕ್ಕೆ ದಾಟಿಸುವ ಕಂಟ್ರಾಕ್ಟು ಅವನದು. ದಡದ ತುಂಬ ಬಟ್ಟೆ ಒಗೆಯುವವರ ಕಲ್ಲುಗಳು, ಮೀನಿನ ಬುಟ್ಟಿಗಳು, ಮೈ ತೊಳೆಸಿಕೊಳ್ಳಲು ಬಂದ ಎಮ್ಮೆಗಳು. ಅವರೆಲ್ಲರ ನಡುವೆ ಹುಟ್ಟು ಹಿಡಿದು ನಿಂತರೆ ದೇವರಾಜುವಿಗೆ ತಾನೂ ಒಬ್ಬ ಪಾಳೇಗಾರ ಅನ್ನಿಸುತ್ತಿತ್ತು. ಈಗ ನೀರು ಹೋಯಿತು. ಸುದ್ದಿ ಇಲವಾಲಕ್ಕೂ ಹೋಯಿತು. ಇಲವಾಲದಲ್ಲಿ ಅವನ ಹೆಂಡತಿ ನಾಗಮಣಿಯ ಅಣ್ಣ ಚೆಲುವರಾಜುವಿನ ಅಕ್ಕಿ ಮಿಲ್ಲು ಇತ್ತು. ಅವನು ಖುದ್ದಾಗಿ ಬಂದು ಏರಿಯ ಮೇಲೆ ನಿಂತು, ಒಣಗಿದ ಕೆರೆಯನ್ನು ತೃಪ್ತಿಯಾಗುವಷ್ಟು ನೋಡಿದ.

"ಇನ್ನೇನಪ್ಪಾ ದೇವರಾಜು, ಮಿಲ್ಲಿಗೆ ಬಂದ್ಬುಡು. ಹೊಟ್ಟು ಗುಡ್ಸೋಕೆ ನೀರೇನೂ ಬೇಕಾಗಿಲ್ಲ."

"ಮಳೆ ಬಂದ್ರೆ ಕೆರೆ ತುಂಬುತ್ತೆ ಭಾವ."

"ತುಂಬ್ತದೆ, ತುಂಬ್ತದೆ. ನಮ್ಮನೆ ಹಿಂದ್ಗಡೆ ಕೋಣೆ ಖಾಲಿ ಐತೆ ಕಣೋ. ಹಸು ಸತ್ತೋದ್ಮೇಲೆ ಖಾಲೀನೇ. ಸುಗ್ಗಿ ಮುಗಿದ ಸೋಮವಾರ ಗಾಡಿ ತರ್ತೀನಿ, ಪಾತ್ರೆ ಪಗಡೆ ಕಟ್ಟಿಡಿ."

ಮನೆ ಅಳಿಯನಾಗುವುದೆಂದರೆ ಏನೆಂದು ದೇವರಾಜುವಿಗೆ ಗೊತ್ತಿತ್ತು. ಚೆಲುವರಾಜುವಿನ ದೊಡ್ಡ ತಂಗಿಯ ಗಂಡ ಆಗಲೇ ಆ ಮನೆಯಲ್ಲಿದ್ದ. ಕೆಮ್ಮು ಬಂದರೆ ಅವನು ಹಿತ್ತಿಲಿಗೆ ಹೋಗಿ ಕೆಮ್ಮಿ ಬರುತ್ತಿದ್ದ.

ನಾಗಮಣಿ ಅಣ್ಣನ ಮುಂದೆ ತುಟಿ ಬಿಚ್ಚಲಿಲ್ಲ. ಅವನು ಹೋದ ಮೇಲೆ ಬಿಚ್ಚಿದಳು. "ನಾನಂತೂ ಅತ್ತಿಗೆ ಕೈಯಿಂದ ಅನ್ನ ಇಸ್ಕೊಂಡು ಉಣ್ಣಾಕಿಲ್ಲ. ಆ ಕೆರೇಗೆ ಏನಾದ್ರೂ ಮಾಡಿ."

ಕೆರೆಗೆ ಏನಾದರೂ ಮಾಡುವ ಅಧಿಕಾರವಿದ್ದದ್ದು ಏರಿಯ ಮೇಲಿನ 'ಕೆರೆ ಮತ್ತು ದಡಗಳ ಮೇಲ್ವಿಚಾರಣಾ ಕಚೇರಿ'ಗೆ. ಅದರ ಸೂಪರಿಂಟೆಂಡೆಂಟ್ ಶಿವಲಿಂಗಯ್ಯನವರು ಹಣೆಯ ತುಂಬ ವಿಭೂತಿ ಹಚ್ಚಿ, ಕೆರೆಯ ಕಡೆಗೆ ಬೆನ್ನು ಹಾಕಿ ಕುಳಿತಿದ್ದರು. ನೀರು ಹೋದ ದಿನದಿಂದ ಅವರ ಕುರ್ಚಿ ಗೋಡೆಯ ಕಡೆಗೇ ತಿರುಗಿತ್ತು.

"ಸ್ವಾಮಿ, ಕೆರೇಲಿ ನೀರಿಲ್ಲ," ಅಂದ ದೇವರಾಜು.

"ಯಾರು ಹೇಳಿದ್ದು?"

"ನಾನೇ ನೋಡ್ದೆ ಸ್ವಾಮಿ."

"ನೋಡೋದಕ್ಕೆ ನಿನಗೇನಯ್ಯಾ ಅಧಿಕಾರ? ನೀರು ಬಿಟ್ಟದ್ದು ರಿಪೇರಿಯವರು. ನೀರು ಹೋಗಿದೆ ಅಂತ ಅವರು ನನಗೆ ಬರೆದಿಲ್ಲ. ಬರೆಯೋವರೆಗೂ ನೀರಿದೆ." ಶಿವಲಿಂಗಯ್ಯನವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನೋಡು ದೇವರಾಜು, ನೀರಿಲ್ಲ ಅಂದರೆ ಕೆರೆ ಇಲ್ಲ. ಕೆರೆ ಇಲ್ಲ ಅಂದರೆ ದಡ ಇಲ್ಲ. ದಡವೇ ಇಲ್ಲ ಅಂದಮೇಲೆ ಈ ಕಚೇರಿ ಯಾತಕ್ಕೆ? ನನಗೆ ಮದುವೆಗೆ ಬಂದ ಮೂವರು ಹೆಣ್ಣುಮಕ್ಕಳಿದ್ದಾರೆ ಕಣಯ್ಯಾ. ನೀನು ಹೋಗಿ ಹರಿಗೋಲು ಹಾಕು."

"ಜನ ನಡ್ಕೊಂಡೇ ದಾಟ್ತಾವ್ರಲ್ಲಾ ಸ್ವಾಮಿ?"

"ಅದಕ್ಕೆ ಕಾನೂನಿದೆ," ಎಂದರು ಶಿವಲಿಂಗಯ್ಯನವರು. ಇರಲಿಲ್ಲ. ಸಂಜೆಯೊಳಗೆ ಬಂತು. ತಮಟೆ ಹೊಡೆಸಿ ಓದಿಸಿದ ಪ್ರಕಟಣೆ ಹೀಗಿತ್ತು:

"ಕೆಲವು ಸಾರ್ವಜನಿಕರು ಚಪ್ಪಲಿ ಮೆಟ್ಟಿಕೊಂಡು ಕೆರೆಯ ನೀರಿನ ಅಡಿಯಲ್ಲಿ ಸಂಚರಿಸುತ್ತಿರುವುದು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ. ಇದು ಪ್ರಾಣಕ್ಕೆ ಅಪಾಯಕರ. ಇನ್ನು ಮುಂದೆ ಕೆರೆಯನ್ನು ದಾಟಬಯಸುವವರು ಹರಿಗೋಲಿನಲ್ಲಿಯೇ ದಾಟತಕ್ಕದ್ದು. ತಪ್ಪಿದಲ್ಲಿ ಪರವಾನಗಿಯಿಲ್ಲದೆ ಈಜಿದರೆಂದು ಭಾವಿಸಿ ದಂಡ ವಿಧಿಸಲಾಗುವುದು. ಎಮ್ಮೆಗಳಿಗೆ ವಿನಾಯಿತಿ ಇರುತ್ತದೆ."

ಮಾರನೆಯ ದಿನ ದೇವರಾಜು ಹರಿಗೋಲಿಗೆ ಹಗ್ಗ ಕಟ್ಟಿ, ಒಳಗೆ ಜನರನ್ನು ಕೂರಿಸಿ, ಕೆರೆಯಂಗಳದ ಮೇಲೆ ಎಳೆದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹರಿಗೋಲಿನ ತಳದ ತೊಗಲು ಸವೆದು ಹರಿಯಿತು. ಹೆಣೆದಿದ್ದ ಬಿದಿರು ಲಟಲಟನೆ ಮುರಿಯಿತು. ಒಳಗಿದ್ದವರು ಕುಳಿತಲ್ಲೇ ನೆಲದ ಮೇಲೆ ಕುಳಿತಿದ್ದರು. ಇಳಿದು ಹೋದರೆ ದಂಡ. ಅದಕ್ಕೆ ಎಲ್ಲರೂ ಎದ್ದು ನಿಂತು, ಹರಿಗೋಲಿನ ಅಂಚನ್ನು ಸೊಂಟದ ಮಟ್ಟಕ್ಕೆ ಎತ್ತಿ ಹಿಡಿದುಕೊಂಡು, ಹರಿಗೋಲಿನೊಳಗೇ ನಡೆದರು. ಮುಂದೆ ಹುಟ್ಟು ಹಾಕುತ್ತ ದೇವರಾಜು.

ಮೀನು ಮಾರುವ ವಸಂತಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಮಧ್ಯದಲ್ಲಿದ್ದಳು. "ಲೋ ದೇವರಾಜು, ನಡೆಯೋರು ನಾವು, ದೋಣಿ ಹೊರೋರೂ ನಾವು, ನಿಂಗ್ಯಾಕೋ ಕಾಸು?"

"ದಾರಿ ತಪ್ಪದಂಗೆ ಕರ್ಕೊಂಡೋಗ್ತಿಲ್ವಾ ವಸಂತಕ್ಕ?"

"ಆ ದಡ ಕಾಣ್ತಾ ಐತಲ್ಲೋ ಮೂದೇವಿ!"

"ಕಾಣ್ತದೆ. ನಡುವೆ ಸುಳಿ ಐತೆ."

ದೋಣಿಗೆ ತಳವಿಲ್ಲದ ವಿಷಯ ಕಚೇರಿಗೆ ಹೋಯಿತು. ದೋಣಿಗೆ ತಳ ಇರತಕ್ಕದ್ದೆಂದು ಯಾವ ನಿಯಮದಲ್ಲಿಯೂ ಹೇಳಿಲ್ಲವೆಂದೂ, ತಳವೇ ಇಲ್ಲದ್ದರಿಂದ ತೂತು ಬಿದ್ದು ಮುಳುಗುವ ಸಂಭವವಿಲ್ಲವೆಂದೂ ಶಿವಲಿಂಗಯ್ಯನವರು ಸುರಕ್ಷತಾ ಪ್ರಮಾಣಪತ್ರ ಕೊಟ್ಟರು. ಮಿಕ್ಕ ವ್ಯವಹಾರಗಳೂ ದಾರಿಗೆ ಬಂದವು. ವಸಂತಮ್ಮ ತರುತ್ತಿದ್ದದ್ದು ಕಾವೇರಿಯ ಮೀನು. ಅವಳ ಲೈಸೆನ್ಸು ಇದ್ದದ್ದು ಕೆರೆಯ ಮೀನಿಗೆ. ಶಿವಲಿಂಗಯ್ಯನವರು ದೂರದಲ್ಲಿ ನಿಂತು, ಹೆಗಲ ಮೇಲಿನ ವಲ್ಲಿಯಿಂದ ಮೂಗು ಮುಚ್ಚಿಕೊಂಡು, "ಇದು ನಮ್ಮ ಕೆರೆಯದೇ" ಎಂದು ದೃಢೀಕರಿಸಿ, ದೃಢೀಕರಣದ ಶುಲ್ಕ ಪಡೆಯುತ್ತಿದ್ದರು. ಬಟ್ಟೆ ಒಗೆಯುವವರು, ಕಲ್ಲು ಕೈಬಿಟ್ಟು ಹೋದೀತೆಂದು, ಬೇರೆಲ್ಲೋ ಒಗೆದು ಒಣಗಿಸಿದ ಬಟ್ಟೆಯನ್ನು ತಂದು ಇಲ್ಲಿ ಎರಡೇಟು ಬಡಿದು, ಕಲ್ಲುಬಾಡಿಗೆ ಕೊಟ್ಟು ಹೋಗುತ್ತಿದ್ದರು.

ಎಲ್ಲವೂ ಸುಸೂತ್ರವಾಗಿ ನಡೆಯುತ್ತಿತ್ತು. ಕೆಡಿಸಿದ್ದು ಈಜಿನ ದಂಡ. ಅದು ಎಷ್ಟು ವಸೂಲಾಯಿತೆಂದರೆ, ರಾಜ್ಯದಲ್ಲಿ ಅತಿ ಹೆಚ್ಚು ಜನ ಈಜುವ ಕೆರೆ ಇದೇ ಎಂದು ಬೆಂಗಳೂರಿನವರಿಗೆ ಅನುಮಾನ ಬಂತು. ತನಿಖೆಗೆ ಸುಂದರೇಶ ಎಂಬ ಹಿರಿಯ ಅಧಿಕಾರಿಯನ್ನು ಕಳಿಸಿದರು. ಕೆರೆ ಸರಿಯಿದ್ದರೆ ಕಚೇರಿಗೆ ಬಡ್ತಿ, ಇಲ್ಲದಿದ್ದರೆ ಬೀಗ. ಬಂದ ದಿನ ಸುಗ್ಗಿ ಮುಗಿದ ಸೋಮವಾರ.

ಅಂದು ದೇವರಾಜು ತೊಳೆದ ಅಂಗಿ ತೊಟ್ಟು ಹುಟ್ಟು ಹಿಡಿದು ನಿಂತಿದ್ದ. ಮನೆಯಲ್ಲಿ ನಾಗಮಣಿ ಪಾತ್ರೆ ಕಟ್ಟಿರಲಿಲ್ಲ, ಬಿಚ್ಚಿಯೂ ಇರಲಿಲ್ಲ. ಎಲ್ಲವನ್ನೂ ನಡುಮನೆಯಲ್ಲಿ ಗುಡ್ಡೆ ಹಾಕಿಕೊಂಡು, ಗಳಿಗೆಗೊಮ್ಮೆ ಬಾಗಿಲಿಗೆ ಬಂದು ಏರಿಯ ಕಡೆ ನೋಡುತ್ತಿದ್ದಳು.

ಸುಂದರೇಶರು ಏರಿಯ ಮೇಲೆ ನಿಂತು ಕನ್ನಡಕ ಒರೆಸಿಕೊಂಡರು. ಹಾಕಿಕೊಂಡು ನೋಡಿದರು. ತೆಗೆದು ಮತ್ತೆ ಒರೆಸಿಕೊಂಡರು. ಅಷ್ಟರಲ್ಲಿ ಕೆರೆಯ ನಟ್ಟನಡುವೆ ಧೂಳೆದ್ದಿತು. ಧೂಳಿನೊಳಗಿಂದ ಜೋಡೆತ್ತಿನ ಗಾಡಿ ಬಂತು. ಗಾಡಿಯ ಮೂಕಿಯ ಮೇಲೆ ಚೆಲುವರಾಜು.

"ದೇವರಾಜೂ! ಸಾಮಾನು ತತ್ತಾರೋ!"

ಶಿವಲಿಂಗಯ್ಯನವರ ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಮೂಗಿನವರೆಗೆ ಬಂತು.

"ಅದೇನ್ರೀ ಅದು?" ಎಂದರು ಸುಂದರೇಶರು.

ಶಿವಲಿಂಗಯ್ಯನವರು ವಲ್ಲಿಯಿಂದ ಮುಖ ಒರೆಸಿಕೊಳ್ಳತೊಡಗಿದರು. ದೇವರಾಜು ಮುಂದೆ ಬಂದು ಕೈಮುಗಿದ. "ಗಾಡಿ ಸ್ವಾಮಿ. ಮುಳುಗೋಗೈತೆ."

"ಮುಳುಗಿದೆಯೇ? ಅವರು ಕೂಗುತ್ತಿದ್ದಾರಲ್ಲಯ್ಯ?"

"ಮುಳುಗೋರು ಕೂಗ್ತಾರೆ ಸ್ವಾಮಿ. ಪಾಪ, ನಮ್ಮ ಭಾವನೇ. ಅಪ್ಪಣೆ ಆದ್ರೆ ಹೋಗಿ ಉಳಿಸ್ಕೊಂಡು ಬರ್ತೀನಿ."

ಅಪ್ಪಣೆಯಾಯಿತು. ದೇವರಾಜು ತಳವಿಲ್ಲದ ಹರಿಗೋಲಿನೊಳಗೆ ನಿಂತು, ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹುಟ್ಟು ಹಾಕುತ್ತ ಕೆರೆಯ ನಡುವಿಗೆ ಓಡಿದ.

"ಏನೋ ಇದು ವೇಷ?" ಅಂದ ಚೆಲುವರಾಜು.

"ಭಾವ, ನೀವು ಮುಳುಗಿದೀರಿ."

"ನಾನೆಲ್ಲೋ ಮುಳುಗಿದೀನಿ? ಧೂಳಲ್ಲಿ ನಿಂತಿದೀನಿ ಕಣೋ, ಬಡ್ಡೆತ್ತದೆ!"

"ಮೆತ್ತಗೆ. ಬೆಂಗಳೂರಿಂದ ದೊಡ್ಡ ಸಾಹೇಬ್ರು ಬಂದವ್ರೆ. ನೀರಿಲ್ಲ ಅಂದ್ರೆ ಸರ್ಕಾರಿ ಜಾಗದಲ್ಲಿ ಗಾಡಿ ಹೊಡೆದ್ರಿ ಅಂತ ಗಾಡಿ, ಎತ್ತು ಎಲ್ಲಾ ಜಪ್ತಿ. ಮುಳುಗ್ದೆ ಅಂದ್ರೆ ಸರ್ಕಾರದ ಪರಿಹಾರ."

ಚೆಲುವರಾಜು ಬಾರುಕೋಲು ಕೆಳಗಿಟ್ಟ. "ಎತ್ತಿಗೂ ಕೊಡ್ತಾರಾ?"

"ಗಾಡಿಗೆ ಬೇರೆ, ಎತ್ತಿಗೆ ಬೇರೆ."

ಚೆಲುವರಾಜು ಒಂದು ಗಳಿಗೆ ಯೋಚಿಸಿದ. ಆಮೇಲೆ ಎರಡೂ ಕೈ ಮೇಲೆತ್ತಿ, "ಅಯ್ಯಯ್ಯಪ್ಪೋ, ಮುಳುಗ್ದೇ, ಯಾರಾದ್ರೂ ಉಳಿಸ್ಕೊಳ್ರಪ್ಪೋ!" ಎಂದು ಕೂಗಿ, ಧೂಳಿನಲ್ಲಿ ಬಿದ್ದು ಕೈಕಾಲು ಬಡಿದ. ಎಷ್ಟು ಚೆನ್ನಾಗಿ ಬಡಿದನೆಂದರೆ ಏರಿಯ ಮೇಲಿದ್ದ ವಸಂತಮ್ಮ ಬುಟ್ಟಿ ಕೆಳಗಿಟ್ಟು ಗೊಳೋ ಎಂದು ಅತ್ತಳು.

ದಡಕ್ಕೆ ಬಂದ ಚೆಲುವರಾಜುವನ್ನು ಸುಂದರೇಶರೇ ವಿಚಾರಿಸಿದರು. "ನೀರು ಎಷ್ಟು ಆಳವಿತ್ತು?"

"ನನ್ನ ತಲೆ ಮೇಲೆ ಇನ್ನೊಂದಾಳು ಸ್ವಾಮಿ. ಎತ್ತುಗಳು ಬಂಗಾರದಂಥವು, ಪಾಪ ಹೋದವು."

ಎತ್ತುಗಳು ಕೆರೆಯ ನಡುವೆ ಹುಲ್ಲು ಮೇಯುತ್ತಿದ್ದವು. ಸುಂದರೇಶರು ಆ ಕಡೆಗೆ ಬೆರಳು ಮಾಡಿದರು. ಅಷ್ಟರಲ್ಲಿ ಶಿವಲಿಂಗಯ್ಯನವರು ಮುಂದೆ ಬಂದರು. "ಮುಳುಗಿದ ದನಗಳು ಕೆರೆಯ ತಳದ ಹುಲ್ಲನ್ನು ತಿನ್ನುವುದು ವಾಡಿಕೆ ಸ್ವಾಮಿ."

ಸುಂದರೇಶರು ಕನ್ನಡಕ ತೆಗೆದು ಮತ್ತೊಮ್ಮೆ ಒರೆಸತೊಡಗಿದರು. ಇವರು ನೀರಿಲ್ಲವೆಂದರೆ, ಇಂದು ಸಂಜೆಗೇ ದೇವರಾಜುವಿನ ಕೈಯಲ್ಲಿ ಪೊರಕೆ. ಆದರೆ ಒಂದು ಸಂಗತಿ ಅವನಿಗೆ ಗೊತ್ತಿರಲಿಲ್ಲ. ಕೆರೆಯಲ್ಲಿ ನೀರಿಲ್ಲವೆಂದು ಬರೆದರೆ ನೀರನ್ನು ಖಾಲಿ ಮಾಡಿಸಿದವರು ಯಾರೆಂದೂ ಬರೆಯಬೇಕಾಗುತ್ತಿತ್ತು; ತೂಬಿನ ಷರಾದ ಕೆಳಗೆ ಇದ್ದ ರುಜು ಸುಂದರೇಶರದೇ.

"ನೀರು ತುಂಬಾ ತಿಳಿಯಾಗಿದೆ," ಎಂದರು ಸುಂದರೇಶರು. "ತಳದವರೆಗೂ ಕಾಣುತ್ತದೆ."

"ಇಂಥ ನೀರು ರಾಜ್ಯದಲ್ಲೇ ಇಲ್ಲ ಸ್ವಾಮಿ," ಎಂದರು ಶಿವಲಿಂಗಯ್ಯನವರು.

ಸುಂದರೇಶರು ಆ ದಡಕ್ಕೆ ಹೋಗಿ ರೈಲು ಹಿಡಿಯಬೇಕಾಗಿತ್ತು. ಬೂಟು ಕಳಚಿ ಕೈಯಲ್ಲಿ ಹಿಡಿದುಕೊಂಡು, ಪ್ಯಾಂಟನ್ನು ಮೊಣಕಾಲವರೆಗೆ ಮಡಿಸಿಕೊಂಡು ಹರಿಗೋಲಿನೊಳಗೆ ನಿಂತರು. ನಡುವೆ ಸುಳಿ ಬಂದಾಗ ಅವರು ಶಿವಲಿಂಗಯ್ಯನವರ ಭುಜ ಹಿಡಿದುಕೊಂಡದ್ದನ್ನು ದಡದವರೆಲ್ಲ ನೋಡಿದರು. ಮುಳುಗುತ್ತಿದ್ದವನನ್ನು ಉಳಿಸಿದ್ದಕ್ಕೆ ಹರಿಗೋಲಿನ ಕಂಟ್ರಾಕ್ಟನ್ನು ದೇವರಾಜುವಿನ ಜೀವಮಾನ ಪರ್ಯಂತ ಮುಂದುವರಿಸತಕ್ಕದ್ದೆಂದು ಆ ದಡದಲ್ಲಿಯೇ ಬರೆದುಕೊಟ್ಟರು.

ಪರಿಹಾರ ಬರುವವರೆಗೂ ಮುಳುಗಿದ ಗಾಡಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಗಾಡಿ ಬಿಟ್ಟು ಊರಿಗೆ ಹೋಗಲು ಚೆಲುವರಾಜುವಿಗೆ ಮನಸ್ಸಾಗಲಿಲ್ಲ. ಅವನು ತಂಗಿಯ ಮನೆಯಲ್ಲಿಯೇ ಉಳಿದ. ಈಗಲೂ ಇದ್ದಾನೆ. ದಿನಾ ಸಂಜೆ ಹರಿಗೋಲು ಹತ್ತಿ ಎತ್ತುಗಳಿಗೆ ಹುರುಳಿ ಕೊಟ್ಟು ಬರುತ್ತಾನೆ. ದೇವರಾಜು ಅವನಿಂದ ಕಾಸು ತೆಗೆದುಕೊಳ್ಳುತ್ತಾನೆ.

ಆ ಸೋಮವಾರ ಇಬ್ಬರೂ ಮನೆಗೆ ಬಂದಾಗ ನಾಗಮಣಿ ಪಾತ್ರೆಗಳನ್ನು ಒಂದೊಂದಾಗಿ ಗೂಡಿಗೆ ಜೋಡಿಸುತ್ತಿದ್ದಳು. ಅಣ್ಣನ ತಲೆಯಿಂದ ಕಾಲವರೆಗೆ ಮೆತ್ತಿದ್ದ ಧೂಳನ್ನು ನೋಡಿ, ಒಣಗಿದ ಟವೆಲ್ಲು ತಂದು ಕೊಟ್ಟಳು.

"ತಲೆ ಚೆನ್ನಾಗಿ ಒರೆಸ್ಕೋ ಅಣ್ಣ. ನೆಂದಿದೀಯ, ಶೀತ ಆದಾತು."

ಚೆಲುವರಾಜು ಒರೆಸಿಕೊಂಡು ಎರಡು ಸಲ ಸೀನಿದ.

ಅಷ್ಟೇ ಕಣ್ರೀ ಸಂಗತಿ. ಟೀ ದುಡ್ಡು ನೀವೇ ಕೊಟ್ಬುಡಿ. ನಾನು ಇಲ್ಲಿಗೆ ಬಂದದ್ದು ಅದೇ ಹರಿಗೋಲಿನಲ್ಲಿ. ಜೇಬಿನಲ್ಲಿದ್ದ ನೋಟೆಲ್ಲ ನೆಂದು ಮುದ್ದೆಯಾಗಿದೆ.