ನಮ್ಮ ಬ್ಯಾಂಕಿನ ಭಾನುವಾರದ ದರೋಡೆ

ಬ್ಯಾಂಕಿನ ನೌಕರಿ ಎಂದರೆ ಸಹಿ, ಠಸ್ಸೆ, ಚಹಾ ಇಷ್ಟೇ ಎಂದು ನನ್ನ ಹೆಂಡತಿ ಕೂಡ ತಿಳಿದಿದ್ದಳು. ಆದರೆ ನಾಗಪುರದ ಮಹಾಲ್ ಎಂಬ ಹಳೆಯ ಪೇಟೆಯ ಇಕ್ಕಟ್ಟು ಗಲ್ಲಿಯಲ್ಲಿದ್ದ ನಮ್ಮ ಶಾಖೆಯಲ್ಲಿ ವಾರಕ್ಕೊಂದಾದರೂ ತಮಾಷೆ ಆಗದೆ ಇರುತ್ತಿರಲಿಲ್ಲ. ನಾನೋ, ಧಾರವಾಡದಿಂದ ವರ್ಗವಾಗಿ ಬಂದವನು, ಎಲ್ಲಿ ನಾಲ್ಕು ಜನ ಸೇರಿದರೂ ಕುತ್ತಿಗೆ ಉದ್ದ ಮಾಡಿ ಇಣುಕುವ ಗಿರಾಕಿ. ಅಲ್ಲಿದ್ದಷ್ಟು ವರ್ಷ ನಿಜವಾದ ದರೋಡೆ ಒಂದೂ ಆಗಲಿಲ್ಲ. ಸುಳ್ಳು ದರೋಡೆ ಒಂದು ಆಯಿತು. ಅದನ್ನು ನೋಡಿದ ಮೇಲೆ, ನಿಜವಾದ ಕಳ್ಳರು ನಮ್ಮ ಕಡೆ ಯಾಕೆ ಸುಳಿಯಲಿಲ್ಲ ಎಂಬುದು ನನಗೆ ಚೆನ್ನಾಗಿ ಅರ್ಥವಾಯಿತು.

೧. ಮುಖ ತೋರಿಸಿ

ಆಗ ಟಿವಿಯಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ಒಂದು ಪತ್ತೇದಾರಿ ಧಾರಾವಾಹಿಯನ್ನು ನಮ್ಮ ಶಾಖೆಯಲ್ಲಿ ನೋಡದವರೇ ಇರಲಿಲ್ಲ. ಮರುದಿನ ಬೆಳಿಗ್ಗೆ ಅದರ ಚರ್ಚೆ ಮುಗಿಯುವ ತನಕ ಯಾವ ಕೌಂಟರೂ ತೆರೆಯುತ್ತಿರಲಿಲ್ಲ. ಒಂದು ವಾರ ಅದರಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಕಳ್ಳರು ಬಂದರು. ನಮ್ಮ ಮ್ಯಾನೇಜರ್ ಸಾಹೇಬರು ಹೆದರುವುದರಲ್ಲಿ ಬಹಳ ಶಿಸ್ತಿನ ಮನುಷ್ಯ. ಮರುದಿನವೇ ಬಾಗಿಲಿಗೆ ನೋಟಿಸು ಅಂಟಿಸಿದರು: ಮುಖ ಮುಚ್ಚಿಕೊಂಡವರಿಗೆ ಪ್ರವೇಶವಿಲ್ಲ.

ಅದು ಮೇ ತಿಂಗಳು. ಮೇ ತಿಂಗಳಲ್ಲಿ ನಾಗಪುರದಲ್ಲಿ ಮುಖ ಮುಚ್ಚಿಕೊಳ್ಳದೆ ಸ್ಕೂಟರ್ ಓಡಿಸುವವರು ಯಾರು? ಗಂಡಸರು, ಹೆಂಗಸರು, ಕಾಲೇಜಿನ ಹುಡುಗಿಯರು, ಎಲ್ಲರೂ ಕಣ್ಣೆರಡು ಬಿಟ್ಟು ಉಳಿದದ್ದನ್ನು ಬಟ್ಟೆಯಲ್ಲಿ ಸುತ್ತಿಕೊಂಡೇ ಹೊರಡುತ್ತಾರೆ. ನೋಟಿಸಿನ ಪ್ರಕಾರ ನಮ್ಮ ಗ್ರಾಹಕರೆಲ್ಲ ದರೋಡೆಕೋರರೇ.

ಬಾಗಿಲಲ್ಲಿ ನಿಂತಿರುತ್ತಿದ್ದ ಕಾವಲುಗಾರ ನಮ್ಮ ಕಡೆಯವರು, ಗೋಕಾಕದವರು. ಸೈನ್ಯದಲ್ಲಿ ಹವಾಲ್ದಾರರಾಗಿದ್ದು, ಕೊನೆಗೆ ನಾಗಪುರದ ಪಕ್ಕದ ಕಾಮಠಿಯ ದಂಡಿನಿಂದ ನಿವೃತ್ತರಾಗಿ ಅಲ್ಲೇ ಮನೆ ಕಟ್ಟಿಕೊಂಡಿದ್ದರು. ಎತ್ತರದ ಆಳು, ಗಿರಿಜಾ ಮೀಸೆ, ಹುಕುಂ ಅಂದರೆ ಹುಕುಂ. ಎರಡನೆಯ ದಿನ ತಲೆ ಮುಖಕ್ಕೆಲ್ಲ ಬಿಳಿ ಟವೆಲು ಸುತ್ತಿ, ಕಪ್ಪು ಕನ್ನಡಕ ಹಾಕಿದ ಒಬ್ಬರು ಸ್ಕೂಟರ್ ನಿಲ್ಲಿಸಿ ನೆಟ್ಟಗೆ ಒಳಗೆ ನುಗ್ಗಿದರು. ಹವಾಲ್ದಾರರು ಅಡ್ಡ ನಿಂತರು.

"ಅರೇ, ನಾನು ಮ್ಯಾನೇಜರ್!" ಎಂದರು ಬಂದವರು.

"ದರೋಡೆಗೆ ಬಂದವನು ತಾನು ದರೋಡೆಗೆ ಬಂದೆ ಅಂತ ಹೇಳ್ತಾನೇನು ಸಾಬ್? ಮುಖ ತೋರಿಸಿ. ಜೇಬಿನಲ್ಲಿ ಏನೋ ಉಬ್ಬಿದೆ, ಅದನ್ನೂ ತೋರಿಸಿ."

ಟವೆಲು ಬಿಚ್ಚಿತು. ಮ್ಯಾನೇಜರರೇ. ಜೇಬಿನಿಂದ ಹೊರಬಂದದ್ದು ಒಂದು ಈರುಳ್ಳಿ. ಬಿಸಿಲು ತಾಗಬಾರದೆಂದು ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳುವುದು ಆ ಊರಿನ ರೂಢಿ. ಹವಾಲ್ದಾರರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೂಸಿ, ವಾಪಸು ಕೊಟ್ಟು ಸೆಲ್ಯೂಟ್ ಹೊಡೆದರು.

"ಹೋಗಿ ಸಾಬ್. ಆದರೆ ನಾಳೆಯಿಂದ ಹೆಚ್ಚಿಕೊಂಡು ತನ್ನಿ. ಗ್ರೆನೇಡೂ ಇಷ್ಟೇ ದಪ್ಪ ಇರ್ತದೆ."

೨. ಸೋಮವಾರ ಬರಬೇಡಿ

ದೀಪಾವಳಿ ಕಳೆದ ಮೇಲೆ ಒಂದು ದಿನ ಆ ಧಾರಾವಾಹಿಯವರೇ ನಮ್ಮ ಶಾಖೆಗೆ ಬಂದರು. ಸಣ್ಣ ಊರಿನ ಹಳೆಯ ಬ್ಯಾಂಕಿನಲ್ಲಿ ಕಳ್ಳರು ಸಿಬ್ಬಂದಿಯನ್ನೂ ಗ್ರಾಹಕರನ್ನೂ ಒತ್ತೆಯಾಳಾಗಿ ಹಿಡಿದು ಕೂರಿಸುವ ಕಥೆಯಂತೆ. ಹಳೆಯದಾಗಿ ಕಾಣುವ ವಿಷಯದಲ್ಲಿ ನಮ್ಮ ಶಾಖೆಯನ್ನು ಮೀರಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಮೇಲಿನ ಕಚೇರಿಯಿಂದ ಅನುಮತಿ ಬಂತು: ಒಂದು ಭಾನುವಾರ ಮಾತ್ರ, ತಿಜೋರಿ ಕೋಣೆ ತೆರೆಯಕೂಡದು, ಸಿಬ್ಬಂದಿ ಹಾಜರಿರಬೇಕು.

ಹಿಂದುಮುಂದಾಗಿ ಟೋಪಿ ಹಾಕಿಕೊಂಡಿದ್ದ ಡೈರೆಕ್ಟರ್ ಎಲ್ಲವನ್ನೂ ಕೇಳಿ ಬರೆದುಕೊಳ್ಳುವವನು. ನಾನು ಅವನ ಬೆನ್ನು ಬಿಡಲಿಲ್ಲ. ಪಿಸ್ತೂಲು ಯಾವುದರಿಂದ ಮಾಡುತ್ತೀರಿ, ರಕ್ತಕ್ಕೆ ಏನು ಬಳಸುತ್ತೀರಿ, ಗುಂಡು ತಾಗಿದವನು ಯಾವ ಕಡೆ ಬೀಳಬೇಕೆಂದು ಮೊದಲೇ ಹೇಳುತ್ತೀರಾ? ಅವನು ಒಂದು ಕೇಳಿದರೆ ನಾನು ಮೂರು ಕೇಳುತ್ತಿದ್ದೆ.

ನಾವೆಲ್ಲ ಬಾಯಿ ಎಂದು ಕರೆಯುತ್ತಿದ್ದ ನಮ್ಮ ಹೆಡ್ ಕ್ಯಾಶಿಯರ್ ನಿವೃತ್ತಿಯ ಅಂಚಿನಲ್ಲಿದ್ದ ಮರಾಠಿ ಹೆಂಗಸು. ಅವರನ್ನು ಡೈರೆಕ್ಟರ್ ಕೇಳಿದ: "ಕಳ್ಳ ಹಣೆಗೆ ಪಿಸ್ತೂಲು ಇಟ್ಟು ತಿಜೋರಿ ತೆಗಿ ಅಂದ ಅಂತಿಟ್ಟುಕೊಳ್ಳಿ. ಆಗ ನೀವೇನು ಮಾಡ್ತೀರಿ?"

"ಏನು ಮಾಡೋದು? ತಿಜೋರಿಗೆ ಎರಡು ಕೀಲಿಕೈ. ಒಂದು ನನ್ನ ಹತ್ತಿರ, ಇನ್ನೊಂದು ಮ್ಯಾನೇಜರ್ ಹತ್ತಿರ. ಎರಡೂ ಕೂಡಿದರೇ ತೆರೆಯೋದು. ಸೋಮವಾರ ಮ್ಯಾನೇಜರ್ ಮೀಟಿಂಗಿಗೆ ಹೋಗಿರ್ತಾರೆ."

"ಕಳ್ಳರು ಸೋಮವಾರವೇ ಬಂದರೆ?"

ಬಾಯಿಯವರು ಕನ್ನಡಕ ಮೇಲೇರಿಸಿ, ಮೂವತ್ತು ವರ್ಷ ಗ್ರಾಹಕರಿಗೆ ಹೇಳಿದ ದನಿಯಲ್ಲೇ ಹೇಳಿದರು: "ಮಂಗಳವಾರ ಬನ್ನಿ ಅಂತೀನಿ. ಹನ್ನೊಂದರ ಒಳಗೆ."

ನಾವೆಲ್ಲ ನಗುತ್ತಿದ್ದಾಗ ಹವಾಲ್ದಾರರು ಮಾತ್ರ ನಗಲಿಲ್ಲ. ನನ್ನ ತೋಳು ಹಿಡಿದು ಸೈಕಲ್ ಸ್ಟ್ಯಾಂಡಿನ ಕಡೆ ಕರೆದುಕೊಂಡು ಹೋದರು.

"ಸಾಹೇಬ್ರ, ದೊಡ್ಡ ಪಂಚಾಯ್ತಿ ಆಗೇತ್ರಿ. ಕಳ್ಳ ಬಂದು ನನ್ನ ಬಂದೂಕ ಕಸಗೋತಾನಂತ. ನಾ ಎರಡೂ ಕೈ ಮ್ಯಾಲ ಎತ್ತಿ, ಕಡೀತನಾ ಮೂಲ್ಯಾಗ ಕುಂದರಬೇಕಂತ."

"ನಾಟಕ ಅಲ್ಲೇನ್ರಿ ಹವಾಲ್ದಾರ್ರ? ಕೂತರಾತು."

"ನನ್ನ ಮಗಳಿಗೆ ಒಂದು ಮನಿ ಬಂದೈತ್ರಿ. ಹುಡುಗ ಫೌಜಿ, ಅವರಪ್ಪ ರಿಟೈರ್ಡ್ ಸುಬೇದಾರ್, ಕಾಮಠಿಯೊಳಗ ಅದಾರ. ಇನ್ನೂ ಹೂಂ ಅಂದಿಲ್ಲ. ನಾ ಟಿವಿಯೊಳಗ ಬರ್ತೀನಿ ಅಂತ ಖುಷೀಲೆ ಹೇಳಿಬಿಟ್ಟೇನಿ. ಅವರು, ಹಂಗಾರ ನಿಮ್ಮ ಮನೀಗೇ ಬಂದು ನೋಡ್ತೀವಿ, ಅದ ದಿವಸ ಮಾತೂ ಮುಗಿಸೂಣು ಅಂದಾರ. ನಾ ಕೈ ಎತ್ತಿ ಕುಂತದ್ದ ಸುಬೇದಾರ್ ಸಾಹೇಬ್ರು ನೋಡಿದ್ರ ಮುಗೀತಲ್ರಿ!"

ಅಷ್ಟು ದೊಡ್ಡ ಆಳಿನ ಕಣ್ಣಲ್ಲಿ ನೀರಾಡಿದ್ದನ್ನು ಕಂಡು ನನ್ನ ನಗು ನಿಂತುಹೋಯಿತು. ಡೈರೆಕ್ಟರಿಗೆ ಹೇಳಿ ನೋಡಿದೆ. ಅವನು ಹೇಳಿದ್ದು ಇಷ್ಟು: "ಕಾವಲುಗಾರ ಧೈರ್ಯ ತೋರಿಸಿದರೆ ದರೋಡೆ ಎರಡೇ ನಿಮಿಷಕ್ಕೆ ಮುಗಿಯುತ್ತೆ. ನನಗೆ ನಲವತ್ತು ನಿಮಿಷ ಬೇಕು."

೩. ಬದುಕಿದ್ದೇನೆಂದು ಬರೆದುಕೊಡಿ

ಭಾನುವಾರ ಬೆಳಿಗ್ಗೆ ಒತ್ತೆಯಾಳುಗಳು ಬಂದರು. ಎಂದೂ ಹೊತ್ತಿಗೆ ಸರಿಯಾಗಿ ಬಾರದ ನಮ್ಮ ಸಿಬ್ಬಂದಿ ಅಂದು ಅರ್ಧ ತಾಸು ಮೊದಲೇ ಹಾಜರು. ಹೆಂಗಸರೆಲ್ಲ ಮದುವೆಗೆ ತೆಗೆದಿಟ್ಟ ಸೀರೆ ಉಟ್ಟಿದ್ದರು. ಅಕೌಂಟೆಂಟರು ಹೊಸ ಸಫಾರಿ ಸೂಟು ಹೊಲಿಸಿದ್ದರು. "ನಡುಗಿ, ಅಳ್ತಾ ಇರಿ" ಎಂದು ಡೈರೆಕ್ಟರ್ ಕೂಗಿದರೆ ಎಲ್ಲರೂ ಕ್ಯಾಮೆರಾ ನೋಡಿ ಹಲ್ಲು ಕಿರಿಯುತ್ತಿದ್ದರು. ಕೊನೆಗೆ ಅವನು, ನಕ್ಕವರನ್ನು ಕತ್ತರಿಸಿ ಹಾಕುತ್ತೇನೆ ಎಂದ ಮೇಲೆ ಮುಖಗಳು ತಕ್ಕಮಟ್ಟಿಗೆ ಇಳಿದವು.

ಅಷ್ಟರಲ್ಲಿ ಭಾನುವಾರವೂ ಶಟರ್ ತೆರೆದಿರುವುದನ್ನು ಕಂಡು ಒಬ್ಬ ನಿವೃತ್ತ ಮೇಷ್ಟ್ರು ಕೈಯಲ್ಲಿ ಕಾಗದ ಹಿಡಿದು ಒಳಗೆ ಬಂದಿದ್ದರು. ಅದು ನವೆಂಬರ್. ಪಿಂಚಣಿದಾರರೆಲ್ಲ ಬ್ಯಾಂಕಿಗೆ ಬಂದು ತಾವಿನ್ನೂ ಬದುಕಿದ್ದೇವೆ ಎಂದು ಸಹಿ ಹಾಕಿಸಿಕೊಂಡು ಹೋಗಬೇಕಾದ ತಿಂಗಳು. ಒಳಗೆ ಜನ ನೆಲದ ಮೇಲೆ ಕುಳಿತದ್ದು ಕಂಡು, ಇವತ್ತು ಸಾಲು ಹೀಗಿರಬೇಕು ಎಂದುಕೊಂಡು ಅವರೂ ಕೊನೆಯಲ್ಲಿ ಕುಳಿತರು. ಯಾರೂ ಗಮನಿಸಲಿಲ್ಲ.

ಕ್ಯಾಮೆರಾ ಓಡಿತು. ಕಳ್ಳರ ನಾಯಕನ ಪಾತ್ರ ಮಾಡಿದವನು ಸಣಕಲ ಆಸಾಮಿ, ಆದರೆ ಗಂಟಲು ದೊಡ್ಡದು. ಪಿಸ್ತೂಲು ಆಡಿಸುತ್ತ, "ಯಾರಾದರೂ ಅಲುಗಾಡಿದರೆ ಹೆಣ ಬೀಳುತ್ತೆ!" ಎಂದು ಗರ್ಜಿಸಿದ.

ಮೇಷ್ಟ್ರು ಮೆಲ್ಲಗೆ ಎದ್ದರು. ಮ್ಯಾನೇಜರರ ಮುಂದೆ ಕಾಗದ ಚಾಚಿ ಹೇಳಿದರು: "ಸಾಹೇಬರೇ, ಇವನು ಅವಸರದಲ್ಲಿದ್ದಾನೆ. ನಾನು ಬದುಕಿದ್ದೇನೆ ಅಂತ ಮೊದಲು ಸಹಿ ಹಾಕಿಬಿಡಿ. ಆಮೇಲೆ ಅವನ ಕೆಲಸ ಅವನು ನೋಡಿಕೊಳ್ಳಲಿ."

೪. ಬಂದೂಕಿನ ಜೊತೆಗೆ ಬಂದವರು

ಮಧ್ಯಾಹ್ನ ಹವಾಲ್ದಾರರ ಸರದಿ. ಧಾರಾವಾಹಿಯವರು ಅವರಿಗೊಂದು ಕಟ್ಟಿಗೆಯ ಬಂದೂಕು ಕೊಟ್ಟಿದ್ದರು. ಕಳ್ಳರ ನಾಯಕ ಓಡಿ ಬಂದು ಅದನ್ನು ಹಿಡಿದು ಜಗ್ಗಿದ. ಬಂದೂಕು ಬಂತು. ಅದರ ಹಿಂದೆ ಹವಾಲ್ದಾರರೂ ಬಂದರು.

ಬ್ಯಾಂಕಿನ ಪದ್ಧತಿ ಗೊತ್ತಿದ್ದವರಿಗೆ ಇದು ಆಶ್ಚರ್ಯವಲ್ಲ. ಬಂದೂಕನ್ನು ಯಾರೂ ಕಸಿದುಕೊಂಡು ಓಡಬಾರದೆಂದು ಅದನ್ನು ಒಂದು ಸರಪಳಿಯಿಂದ ಕಾವಲುಗಾರನ ಸೊಂಟದ ಪಟ್ಟಿಗೆ ಬಿಗಿದಿರುತ್ತಾರೆ. ಹವಾಲ್ದಾರರು ಕಟ್ಟಿಗೆಯ ಬಂದೂಕನ್ನೂ ಬಿಗಿದುಕೊಂಡಿದ್ದರು.

"ಅದನ್ನು ಬಿಚ್ಚಿ!" ಎಂದ ಡೈರೆಕ್ಟರ್.

"ಡ್ಯೂಟಿ ಮೇಲೆ ಬಿಚ್ಚೋದಿಲ್ಲ ಸಾಬ್."

"ಕಟ್ಟಿಗೆ ಬಂದೂಕಪ್ಪ ಅದು!"

"ಬಂದೂಕು ಕಟ್ಟಿಗೇದು ಸಾಬ್. ವರ್ದಿ ನಿಜದ್ದು."

ಮತ್ತೆ ಜಗ್ಗಿದರು. ಈ ಸಲ ಹವಾಲ್ದಾರರು ಕಾಲು ಊರಿ ನಿಂತರು, ನಾಯಕನೇ ಜಾರಿ ಬಿದ್ದ. ಮೂರನೆಯ ಸಲ ಅವನ ಮಣಿಕಟ್ಟು ಉಳುಕಿತು. ಡೈರೆಕ್ಟರ್ ಟೋಪಿ ತೆಗೆದು ಮೇಜಿಗೆ ಬಡಿದು ಮ್ಯಾನೇಜರರ ಕಡೆ ತಿರುಗಿದ. ಮ್ಯಾನೇಜರರು, "ಹವಾಲ್ದಾರ್, ಬಿಚ್ಚು" ಎಂದರು.

"ಬರೆದುಕೊಡಿ ಸಾಬ್, ಬಿಚ್ಚುತ್ತೇನೆ."

ಬರೆದುಕೊಡು ಎಂದರೆ ಯಾವ ಮ್ಯಾನೇಜರನ ಕೈ ತಾನೇ ಏಳುತ್ತದೆ? ಮೇಲಿನ ಕಚೇರಿಯನ್ನು ಕೇಳಬೇಕು, ಅದಕ್ಕೆ ಇವತ್ತು ರಜೆ ಎಂದುಬಿಟ್ಟರು.

ನನಗೆ ತಡೆಯಲಾಗಲಿಲ್ಲ. ಹತ್ತಿರ ಹೋಗಿ ಕನ್ನಡದಲ್ಲಿ ಕೇಳಿದೆ: "ಬೇಕಂತನ ಹಾಕ್ಕೊಂಡ್ರೇನು?"

"ಇಲ್ರಿ ಸಾಹೇಬ್ರ. ಹತ್ತು ವರ್ಷದ ರೂಢಿ. ಬಂದೂಕ ಕೈಯಾಗ ಬಂದ ಕೂಡ್ಲೆ ಕೈ ತಾನ ಸರಪಳಿ ಹಾಕತೈತಿ," ಎಂದರು. ಮೀಸೆಯ ಕೆಳಗೆ ಏನೋ ಸಣ್ಣಗೆ ಅಲುಗಿದ ಹಾಗೆ ಕಂಡಿತು.

ಹೊತ್ತು ಜಾರುತ್ತಿತ್ತು. ಡೈರೆಕ್ಟರ್ ಕಥೆಯನ್ನೇ ಬದಲಿಸಿದ. ಬಂದೂಕು ಬಿಡಿಸಿಕೊಳ್ಳಲಾಗದ ನಾಯಕ ಕಾವಲುಗಾರನನ್ನೂ ಜೊತೆಗೇ ಎಳೆದುಕೊಂಡು ತಿರುಗುತ್ತಾನೆ. ನಾಯಕ ಕಿಟಕಿಯಿಂದ ಪೊಲೀಸರಿಗೆ ಬೆದರಿಕೆ ಹಾಕುವಾಗ ಪಕ್ಕದಲ್ಲಿ ಹವಾಲ್ದಾರರು. ನಾಯಕ ಚಹಾ ಕುಡಿಯುವಾಗ ಪಕ್ಕದಲ್ಲಿ ಹವಾಲ್ದಾರರು. ಕೊನೆಗೆ ಪೊಲೀಸರು ನುಗ್ಗಿ, ನಾಯಕನನ್ನೂ ಸಾಕ್ಷಿಗೆಂದು ಬಂದೂಕನ್ನೂ ವ್ಯಾನಿಗೆ ಹಾಕಿದರು. ಬಂದೂಕು ಹೋದ ಮೇಲೆ ಹವಾಲ್ದಾರರು ಬಿಡುತ್ತಾರೆಯೇ? ಅವರೂ ವ್ಯಾನ್ ಹತ್ತಿದರು. ಕ್ಯಾಮೆರಾ ನಿಂತ ಮೇಲೂ ಇಳಿಯಲಿಲ್ಲ, ಮೊದಲು ಬಂದೂಕು ಇಳಿಸಿ ಎಂದರು.

೫. ಬೀಗರು ನೋಡಿದ್ದು

ಧಾರಾವಾಹಿ ಬರುವ ಸಂಜೆ ನಾನು ಕಾಮಠಿಗೆ ಹೋದೆ. ಹವಾಲ್ದಾರರು ಕರೆದಿದ್ದರು, ಕರೆಯದಿದ್ದರೂ ನಾನು ಬಿಡುತ್ತಿರಲಿಲ್ಲ. ಮುಂದಿನ ಕುರ್ಚಿಯಲ್ಲಿ ಸುಬೇದಾರ್ ಸಾಹೇಬರು, ಕೋಲು ನುಂಗಿದವರ ಹಾಗೆ ನೆಟ್ಟಗೆ. ಜಮಖಾನದ ಮೇಲೆ ಅವರ ಹೆಂಡತಿ, ಪಕ್ಕದಲ್ಲಿ ವಿಜಯಪುರದ ಕಡೆಯ ಹಳ್ಳಿಯಿಂದ ಅಂದು ಬೆಳಿಗ್ಗೆಯಷ್ಟೇ ಬಂದಿದ್ದ ಸುಬೇದಾರರ ಅಕ್ಕ. ಆ ಹಿರಿಯಮ್ಮನಿಗೆ ಹಿಂದಿ ಒಂದಕ್ಷರವೂ ಬಾರದು. ಅಡುಗೆಮನೆಯ ಬಾಗಿಲಲ್ಲಿ ಹವಾಲ್ದಾರರ ಮಗಳು ಸೆರಗಿನ ತುದಿ ಹಿಡಿದು ನಿಂತಿದ್ದಳು. ಹವಾಲ್ದಾರರು ಕೂರಲೇ ಇಲ್ಲ, ಗೋಡೆಗೆ ಬೆನ್ನು ಹಚ್ಚಿ ಕವಾಯತಿನ ಅಟೆನ್ಷನ್ನಿನಲ್ಲಿ ನಿಂತರು.

ಶುರುವಾದ ಹತ್ತು ನಿಮಿಷಕ್ಕೇ ನನಗೆ ಎಡವಟ್ಟು ಗೊತ್ತಾಯಿತು. ಕ್ಯಾಮೆರಾದವನು ಬರೀ ಮುಖಗಳನ್ನೇ ಹಿಡಿದಿದ್ದ. ಸರಪಳಿ ಎಲ್ಲಿಯೂ ಕಾಣಲಿಲ್ಲ. ಕಾಣುತ್ತಿದ್ದದ್ದು ಇಷ್ಟೇ: ಕಳ್ಳ ಹೋದಲ್ಲೆಲ್ಲ ಕಾವಲುಗಾರನೂ ಹೋಗುತ್ತಾನೆ. ನೋಡಿದವರು ಇಬ್ಬರೂ ಪಾಲುದಾರರು ಎನ್ನಬೇಕು! ಕೊನೆಗೆ ಪೊಲೀಸರು ಕಳ್ಳನ ಜೊತೆ ಹವಾಲ್ದಾರರನ್ನೂ ವ್ಯಾನಿಗೆ ಹತ್ತಿಸಿದಾಗ ಮಗಳು ಒಳಗೆ ಹೋಗಿಬಿಟ್ಟಳು. ಹವಾಲ್ದಾರರ ಮುಖ ನೋಡಲಾಗದೆ ನಾನು ತಟ್ಟೆಯಲ್ಲಿದ್ದ ಚಿವಡಾ ನೋಡುತ್ತ ಕುಳಿತೆ.

ಆಗ ಸುಬೇದಾರರು ಮುಂದೆ ಬಾಗಿದರು. "ವ್ಯಾನ್ ಹತ್ತೂ ಮುಂದ ಸೊಂಟದಾಗ ಏನೋ ಮಿಂಚಿತು. ಚೈನ್ ಅಲ್ಲೇನ ಅದು?"

"ಹೌದ್ರಿ."

"ಬಂದೂಕಕ್ಕ ಹಾಕಿದ್ದು? ಅವರು ಬಿಚ್ಚು ಅನ್ನಲಿಲ್ಲೇನು?"

"ಅಂದ್ರು, ನಾ ಬಿಚ್ಚಲಿಲ್ರಿ," ಎಂದು ಹವಾಲ್ದಾರರು ತಲೆ ತಗ್ಗಿಸಿದರು. "ಖರೇ ಹೇಳ್ತೀನ್ರಿ, ಅದು ಕಟಗಿ ಬಂದೂಕ."

ಸುಬೇದಾರರು ಎದ್ದು ನಿಂತರು. "ಖರೇ ಹಥಿಯಾರ ಬಿಟ್ಟು ಓಡಿದವರನ್ನ ಸರ್ವೀಸಿನ್ಯಾಗ ನೋಡೇನಿ. ಕಟಗಿ ಹಥಿಯಾರನೂ ಬಿಡದವರನ್ನ ಇವತ್ತ ನೋಡಿದೆ. ನನಗ ಸಂಬಂಧ ಒಪ್ಪಿಗಿ ಐತಿ. ಸಕ್ಕರಿ ತರ್ರಿ!"

ಹವಾಲ್ದಾರರು ಮೀಸೆ ಒರೆಸಿಕೊಂಡರು. ಸಕ್ಕರೆ ಹಂಚಿದರು, ಸುಬೇದಾರರ ಹೆಂಡತಿ ಹುಡುಗಿಯ ಹಣೆಗೆ ಕುಂಕುಮ ಹಚ್ಚಿದರು, ಪಂಚಾಂಗ ಹೊರಬಂತು.

ಆಗ ಆ ಹಿರಿಯಮ್ಮ ಟಿವಿಯನ್ನೊಮ್ಮೆ, ಹವಾಲ್ದಾರರನ್ನೊಮ್ಮೆ ನೋಡಿ, ತಮ್ಮನ ಅಂಗಿಯ ತೋಳು ಜಗ್ಗಿದರು.

"ಎಲ್ಲಾ ಚಲೋ ಆತಪಾ. ಆದ್ರ ಬೀಗರನ್ನ ಪೊಲೀಸ್ರು ಪೂರಾ ಬಿಟ್ಟಾರೋ, ಜಾಮೀನಿನ ಮ್ಯಾಲ ಬಿಟ್ಟಾರೋ, ಅದನ್ನಷ್ಟು ಕೇಳಿ ಮುಹೂರ್ತ ಇಡ್ರಿ. ಮದುವಿ ದಿವಸನ ಕೋರ್ಟಿನ್ಯಾಗ ತಾರೀಖು ಬಂದ್ರ ಧಾರೀ ಎರಿಯವರು ಯಾರು?"