ಊಟದವರೆಗೆ ಕೆಂಪು

ತಪ್ಪು ಹೊರಿಸುವುದಕ್ಕೆ ಯಾರಾದರೂ ಇದ್ದರೆ ಮನುಷ್ಯ ನೆಮ್ಮದಿಯಾಗಿರುತ್ತಾನೆ. ಮಿರಜಿನ ನಮ್ಮ ಮನೆಯಲ್ಲಿ ಆ ಜಾಗವನ್ನು ನಾನೇ ತುಂಬಿದ್ದೇನೆ. ಹಾಗಾಗಿ ಪಕ್ಕದ ಕುಪವಾಡದ ಆಫೀಸಿನಲ್ಲಿ ತಪ್ಪು ಹೊರಿಸಲು ನಾನೂ ಒಂದನ್ನು ಹುಡುಕಿಕೊಂಡಿದ್ದೆ. ಆಸ್ಪತ್ರೆಗಳಿಗೆ ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್ ಬರೆಯುವ ಆರು ಜನ ನಾವು. ಎಲ್ಲರೂ ಬರೆದದ್ದನ್ನು ಕೂಡಿಸಿ, ಪರೀಕ್ಷಿಸಿ, ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು ತೋರಿಸುವ ಹಳೇ ವ್ಯವಸ್ಥೆಯೊಂದು ಮೂಲೆಯ ಕಂಪ್ಯೂಟರಿನಲ್ಲಿತ್ತು. ಬೆಳಿಗ್ಗೆ ಗುಂಡಿ ಒತ್ತಿದರೆ ಕೆಂಪು. ಊಟ ಮಾಡಿ ಬಂದು ಒತ್ತಿದರೆ ಹಸಿರು! ವಯಸ್ಸಾಗಿದೆ, ಮೈ ಕಾಯಬೇಕು ಎಂದು ನಾನೇ ಸಿದ್ಧಾಂತ ಮಂಡಿಸಿದ್ದೆ. ಏಳು ವರ್ಷ ಯಾರೂ ಬೆಳಿಗ್ಗೆ ಅದರ ತಂಟೆಗೆ ಹೋಗಲಿಲ್ಲ. ದಸರೆಗೆ ಮಾತ್ರ ಎಲ್ಲಕ್ಕಿಂತ ದಪ್ಪ ಚೆಂಡುಹೂವಿನ ಮಾಲೆ ಅದಕ್ಕೇ.

ಹೊಸದನ್ನು ತರೋಣವೆಂದು ನಮ್ಮ ಮಾಲಕರ ಬೆನ್ನು ಹತ್ತಿದ್ದೆ. ಎಲ್ಲರೂ ಕಾಕಾ ಎನ್ನುವ ಅವರು ನಡೆಯುತ್ತಿರುವುದನ್ನು ಯಾಕೆ ಕೆದಕುತ್ತೀರಿ ಎನ್ನುವವರು. ಕೊನೆಗೆ, ಸೋಮವಾರ ಬೆಳಿಗ್ಗೆ ಹತ್ತಕ್ಕೆ ತೋರಿಸಿ, ಕೆಂಪು ಬಂದರೆ ಮತ್ತೆ ಈ ಮಾತು ಎತ್ತಬೇಡಿ ಎಂದರು. ರವಿವಾರವೆಲ್ಲ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಳೇದರ ಮೂವತ್ತು ನಿಮಿಷದ ಕೆಲಸ ಹೊಸದರಲ್ಲಿ ನಾಲ್ಕೇ ನಿಮಿಷಕ್ಕೆ! ಚಹಾಕ್ಕೆ ಸಕ್ಕರೆ ಸರಿಯಿದೆಯಾ ಎಂದು ಹೆಂಡತಿ ಕೇಳಿದರೆ “ಹಸಿರು” ಎಂದೆನಂತೆ. ತಾಲೀಮು ಹತ್ತು ಸಲ ನಡೆಸಿದ್ದೆ. ಆಫೀಸಿನ ಪದ್ಧತಿಯಂತೆ ಹತ್ತೂ ಸಲ ಊಟದ ನಂತರ.

ಸೋಮವಾರ ಒತ್ತಿದೆ. ಕೆಂಪು.

ಕಾಕಾ ಕನ್ನಡಕ ತೆಗೆದು ಒರೆಸತೊಡಗಿದರು. ಹೊಸದಕ್ಕೆ ವಯಸ್ಸಾಗಿದೆ ಎನ್ನುವಂತೆಯೂ ಇರಲಿಲ್ಲ, ಪ್ರಯೋಗಕ್ಕೆಂದು ತಂದು ಎಂಟೇ ದಿನ! ಹಳೇದರ ಉದ್ದುದ್ದ ವರದಿ ಓದುವ ತಾಳ್ಮೆ ನಮಗ್ಯಾರಿಗೂ ಇರಲಿಲ್ಲ. ಈ ಹೊಸದೋ, ತಪ್ಪಿದ ಸಾಲನ್ನೇ ಎತ್ತಿ ತೋರಿಸಿ, ಪಕ್ಕದಲ್ಲಿ ಬರೆದವರ ಹೆಸರನ್ನೂ ಹಾಕುತ್ತದೆ. ಬೇಡಗ ಹಳ್ಳಿಯಿಂದ ಬರುವ ನಮ್ಮ ಸಹೋದ್ಯೋಗಿ ಸುಜಾತಾ ಬಗ್ಗಿ ಓದಿದಳು.

“ಸರ್, ಈ ಪರೀಕ್ಷಾ ನೀವ ಬರದದ್ದರಿ. ಇವತ್ತಿನ ಹನ್ನೆರಡರ ಅಪಾಯಿಂಟ್‌ಮೆಂಟ್ ಮುಗದ ಹೋಗೇತಿ ಅಂತ ಹಿಡದೀರಿ. ಮದಲ ಹನ್ನೆರಡ ಬಡೀಬೇಕಲ್ಲರಿ?”

ಹೌದು, ಎಂದೋ ಒಂದು ಮಧ್ಯಾಹ್ನ, ಹೊಟ್ಟೆತುಂಬ ಉಂಡು ಬಂದು ಬರೆದಿದ್ದೆ. ಎಂಥ ನಾಚಿಕೆ! ಎರಡು ಸಾಲು ತಿದ್ದಿ ಮತ್ತೆ ಒತ್ತಿದೆ. ನಾಲ್ಕು ನಿಮಿಷ ಪರದೆಯನ್ನೇ ನೋಡುತ್ತ ಕೂತೆ. ಹಸಿರು! ಬೆಳಗಿನ ಹತ್ತೂವರೆಗೆ ಹಸಿರು! ನಾಚಿಕೆಯೆಲ್ಲ ಮರೆತು ಎದ್ದುನಿಂತು ಚಪ್ಪಾಳೆ ಹೊಡೆದೆ.

ಕಾಕಾ ಕನ್ನಡಕ ಏರಿಸಿಕೊಂಡರು. “ಆತು, ಹೊಸಾದ ಇರ್ಲಿ. ಅಂದ್ರ ಹಳೇದು ಏಳು ವರ್ಷ ಖರೇನ ಹೇಳತಿತ್ತು.”

ಹಳೇ ಕಂಪ್ಯೂಟರನ್ನು ಆರಿಸುವ ಕೆಲಸ ನನಗೇ ಬಂತು. ಕ್ಷಮಿಸು ಎಂದು ಕೈಮುಗಿಯೋಣ ಅನ್ನಿಸಿತು. ಸುಜಾತಾ ನೋಡುತ್ತಿದ್ದಳು. ಎಷ್ಟು ಧೂಳು ಕೂತಿದೆ ನೋಡು ಎಂದು ಅದನ್ನೇ ಇನ್ನೊಮ್ಮೆ ಬೈದು, ಆರಿಸಿದೆ.